ಬರೆದರೆ ಭೈರವಿಯಾಗುವ ಮಾಂಜಿ

ಪದ್ದತ್ತೆ,

ನೀನು ಕ್ಷೇಮವೇ ಎಂದು ಕೇಳಿ ಶುರು ಮಾಡುವ ಹಾಗಿಲ್ಲ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದೂ ಇಲ್ಲ. ಇದ್ದಾಗಲೇ ನಂಬುತ್ತಿರಲಿಲ್ಲವಲ್ಲ, ನಾನು ಫೋನಿನಲ್ಲಿ "ಚೆನ್ನಾಗಿದೀನಿ ಅತ್ತೆ" ಅಂದರೆ ನೀನು, "ನಿನ್ನ ಗಂಟಲು ಹಾಗೆ ಹೇಳ್ತಾ ಇಲ್ಲ ಕಣೇ ಶಾಲಿ" ಅನ್ನುತ್ತಿದ್ದೆ. ಹೋದ ತಿಂಗಳು ನಿನ್ನ ವರ್ಷದ ತಿಥಿ ಮುಗಿಯಿತು. ಅಪ್ಪ ಮಂಡಿ ನೋವು ಎನ್ನುತ್ತಲೇ ಕೂತು ಅಕ್ಕನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದರು. ಅಡುಗೆಯವರು ಹುಳಿಗೆ ಉಪ್ಪು ಜಾಸ್ತಿ ಹಾಕಿದ್ದರು, ವಡೆ ಮಾತ್ರ ಚೆನ್ನಾಗಿತ್ತು. ಎಲ್ಲ ಮುಗಿದ ಮೇಲೆ ಪುರೋಹಿತರು, ವರ್ಷ ತುಂಬಿತು, ಇನ್ನು ಹೋದವರು ಹಿರಿಯರ ಜೊತೆ ಸೇರಿಕೊಳ್ಳುತ್ತಾರೆ, ಈ ಕಡೆ ಸುಳಿಯುವುದಿಲ್ಲ ಅಂದರು. ನಾನು ಅವರಿಗೆ ದಕ್ಷಿಣೆ ಕೊಟ್ಟೆ. ನೀನು ಎಲ್ಲಿಗೂ ಹೋಗಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ತಿಥಿಗೆ ಕೆಲವು ದಿನ ಮುಂಚೆ ಒಂದು ಸಂಜೆ ಪಾಠದ ಮಕ್ಕಳೆಲ್ಲ ಹೋದ ಮೇಲೆ ವಿಜಯನಗರದ ಮನೆಯ ಪಡಸಾಲೆಯಲ್ಲಿ ನಾನೊಬ್ಬಳೇ ಕೂತು ಭೈರವಿ ಹಾಡಿಕೊಳ್ಳುತ್ತಿದ್ದೆ. ಮಾರನೆಯ ದಿನ ಹೇಳಿಕೊಡಬೇಕಾಗಿದ್ದ ವರ್ಣ, ಅಷ್ಟೇ. ನಮ್ಮನೆಯವರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. "ಯಾಕ್ರೀ, ಏನಾಯ್ತು?" ಅಂದೆ. "ಏನಿಲ್ಲ. ಗೇಟ್ ತೆಗೀವಾಗ ನಿಮ್ಮತ್ತೆ ಹಾಡ್ತಾ ಇದಾರೆ ಅನ್ಕೊಂಡೆ. ಅವರು ಇಲ್ಲ ಅನ್ನೋದೇ ಮರ್ತೋಗಿತ್ತು" ಅಂದರು. ಅವರನ್ನು ನಿನಗೆ ಗೊತ್ತು. ಕಲ್ಯಾಣಿ ಅಂದರೆ ಕಲ್ಯಾಣಮಂಟಪ ಎಂದುಕೊಳ್ಳುವ ಮನುಷ್ಯ. ನನ್ನ ದನಿ ತೆಳು, ನಿನ್ನದು ದಪ್ಪ. ನಮ್ಮಿಬ್ಬರ ದನಿಯನ್ನು ಯಾರೂ ಒಂದೆಂದು ತಿಳಿಯುವ ಹಾಗಿಲ್ಲ. ಆದರೂ ಅವರ ತೋಳಿನ ಮೇಲೆ ರೋಮ ನಿಂತಿತ್ತು. ಹಾಲಿನ ಪ್ಯಾಕೆಟ್ ಇಸಿದುಕೊಳ್ಳುವಾಗ ನಾನೇ ನೋಡಿದೆ.

ಅವರಿಗೆ ಕೇಳಿಸಿದ್ದು ದನಿಯಲ್ಲ ಅತ್ತೆ, ನಿನ್ನ ಮಾಂಜಿ ರಾಗ. ಭೈರವಿ ಹಾಡುತ್ತಾ ಹಾಡುತ್ತಾ ನನಗೇ ತಿಳಿಯದ ಹಾಗೆ ನಿನ್ನ ಮಾಂಜಿಯ ಒಂದು ಎಳೆ ಒಳಗೆ ಬಂದುಬಿಟ್ಟಿತ್ತು. ಇದು ಒಂದು ದಿನದ ಮಾತಾಗಿದ್ದರೆ ನಿನಗೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಭೈರವಿ ಹಾಡಲು ಕೂತರೆ ನೀನು ಬರುತ್ತೀಯ. ಮಾಂಜಿ ಹಾಡಲು ಕೂತರೆ ನೀನು ಬರುವುದಿಲ್ಲ, ಭೈರವಿ ಬರುತ್ತದೆ. ಒಂದು ವರ್ಷದಿಂದ ಹೀಗೇ ಆಗಿದೆ. ನೀನು ಕಲಿಸಿದ ಮಾಂಜಿ ಈ ಭೂಮಿಯ ಮೇಲೆ ನನ್ನ ಗಂಟಲೊಂದರಲ್ಲೇ ಇದೆ ಎಂದುಕೊಂಡಿದ್ದೆ. ಆ ಗಂಟಲಿನಲ್ಲಿ ಈಗ ಇರುವುದು ನಿನ್ನದೋ ಅಥವಾ ನಾನು ಭೈರವಿಯನ್ನೇ ನಿಧಾನಕ್ಕೆ ಹಾಡಿ ಮಾಂಜಿ ಎಂದು ಕರೆದುಕೊಳ್ಳುತ್ತಿದ್ದೇನೋ... ಯಾರನ್ನು ಕೇಳಲಿ? ಹೌದು, ಅಲ್ಲ ಎಂದು ಹೇಳಬಲ್ಲವಳು ನೀನೊಬ್ಬಳೇ. ನೀನು ನೋಡಿದರೆ ಗೋಡೆಯ ಮೇಲೆ ಫೋಟೋದಲ್ಲಿ ಹೂವಿನ ಹಾರ ಹಾಕಿಸಿಕೊಂಡು ಕೂತಿದ್ದೀಯ.

ಅವರೆಕಾಯಿ ಕಾಲದಲ್ಲಿ ನೀನು ಅದನ್ನು ನನಗೆ ಹೇಳಿಕೊಟ್ಟೆ, ನೆನಪಿದೆಯೇ? ನನಗಿನ್ನೂ ಮದುವೆಯಾಗಿರಲಿಲ್ಲ. ರಾಜಾಜಿನಗರದಲ್ಲಿ ನಿನ್ನ ಮಹಡಿ ಮನೆಯ ನಡುಕೋಣೆಯಲ್ಲಿ ಇಬ್ಬರೂ ಕಾಲು ಚಾಚಿ ಕೂತು, ನೆನೆಸಿದ ಕಾಳು ಹಿದುಕುತ್ತಿದ್ದೆವು. ಕಾಳು ಚಿಮ್ಮಿ ತಂಬೂರಿಗೆ ಬಡಿದಾಗ ನೀನು, "ತಂಬೂರೀಗೂ ಬೇಕಂತೆ" ಅಂದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಹಾಡತೊಡಗಿದೆ. ನಾನು ಎರಡು ಉಸಿರು ಕೇಳಿ, ಜಾಣೆಯ ಹಾಗೆ "ಭೈರವಿ" ಅಂದೆ. ನೀನು ಕಾಳು ಹಿದುಕುವುದನ್ನು ನಿಲ್ಲಿಸದೆ, "ಎಲ್ರೂ ಹಾಗೇ ಅಂತಾರೆ. ಇದು ಮಾಂಜಿ. ಇಬ್ರೂ ಒಂದೇ ಮನೆ ಹುಡುಗೀರು. ದೊಡ್ಡವಳು ಬಾಗ್ಲಿಗೆ ಬಂದು ಮಾತಾಡಿಸ್ತಾಳೆ, ಊರೆಲ್ಲಾ ಗೊತ್ತು. ಚಿಕ್ಕವಳು ಒಳಗೇ ಇರ್ತಾಳೆ, ಬಾಯಿ ಬಿಡೋಕ್ಕೆ ಟೈಮ್ ಹಿಡಿಯುತ್ತೆ. ನೀನು ಆತುರಪಟ್ರೆ ದೊಡ್ಡವಳೇ ಬಂದುಬಿಡ್ತಾಳೆ" ಅಂದೆ.

ಪುಸ್ತಕ ತೆಗೆಯಲು ನಾನು ಎದ್ದರೆ ನೀನು ಸೆರಗು ಹಿಡಿದು ಕೂರಿಸಿದೆ. "ಬರ್ಕೋಬೇಡ. ಬರೆದ್ರೆ ಭೈರವಿ ಆಗೋಗುತ್ತೆ." ನನಗೆ ಆಗ ಅದು ನಿನ್ನ ಹಟ ಎನಿಸಿತ್ತು. ಆಮೇಲೆ ಕದ್ದು ಬರೆದು ನೋಡಿದೆ. ಕಾಗದದ ಮೇಲೆ ಎರಡು ರಾಗಕ್ಕೂ ಅದೇ ಸ್ವರಗಳು, ಅದೇ ಅಕ್ಷರಗಳು. ಹಾಡುವಾಗ ಮಾತ್ರ ಬೇರೆ: ಭೈರವಿಯಲ್ಲಿ ಮೇಲೆ ಹತ್ತುವಾಗ 'ದ' ಒಂದು ಗೇಣು ಎತ್ತರ, ಇಳಿಯುವಾಗ ತಗ್ಗು. ನಿನ್ನ ಮಾಂಜಿಯಲ್ಲಿ ಅದು ಹತ್ತುವಾಗಲೂ ತಗ್ಗಿಯೇ ನಡೆಯುತ್ತಿತ್ತು. 'ಗ' ಎಂಬ ಗಾಂಧಾರ ಒಂದು ಕಡೆ ನಿಲ್ಲದೆ, ನಿದ್ದೆಗಣ್ಣಿನ ಮಗುವಿನ ಹಾಗೆ ತೂಗುತ್ತಿತ್ತು. ಎಷ್ಟು ತೂಗಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದಕ್ಕೆ ಯಾವ ಅಕ್ಷರವೂ ಇಲ್ಲ. ರೆಕಾರ್ಡ್ ಮಾಡಲಂತೂ ನೀನು ಬಿಡಲೇ ಇಲ್ಲ. "ಯಂತ್ರ ನೆನಪಿಟ್ಕೊಂಡ್ರೆ ನೀನು ಮರೀತೀಯ" ಅನ್ನುತ್ತಿದ್ದೆ. ಮಿಕ್ಕ ಎಲ್ಲದರಲ್ಲೂ ನಾನು ನಿನಗೆ ಎದುರಾಡಿದವಳು. ಇದೊಂದರಲ್ಲಿ ಯಾಕೆ ಮಾತು ಕೇಳಿದೆನೋ ಗೊತ್ತಿಲ್ಲ. ಆ ಚಳಿಗಾಲವೆಲ್ಲ ನೀನು ಹಾಡುವುದು, ನಾನು ತಪ್ಪುವುದು, ನೀನು ಮತ್ತೆ ಹಾಡುವುದು. ಮನೆಯೆಲ್ಲ ಅವರೆಯ ಸೊಗಡು.

ಆ ರಾಮನವಮಿಯ ಸಂಜೆಯನ್ನು ನೀನು ಮರೆತಿರಲಾರೆ. ಪಾರ್ಕಿನ ಪಕ್ಕದ ಪೆಂಡಾಲ್, ನೀನು ಹಸಿರು ಸೀರೆಯಲ್ಲಿ, ನಿನ್ನ ಹಿಂದೆ ತಂಬೂರಿ ಹಿಡಿದು ನಾನು. ಪಕ್ಕದಲ್ಲಿ ಎಂದಿನಂತೆ ಪಿಟೀಲು ವಾಸಣ್ಣ. ಕಾರ್ಖಾನೆಯ ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಹಣೆಗೆ ಅಕ್ಷತೆ ಇಟ್ಟುಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಅವರ ಮಗಳು ಸುಮ ಕೂತಿದ್ದಳು. ಅವಳ ಮದುವೆ ಆಗಷ್ಟೇ ಗೊತ್ತಾಗಿತ್ತು. ಗಂಡಿನ ತಾಯಿತಂದೆ ಹೊಸ ಬೀಗರ ಪಿಟೀಲು ಕೇಳಬೇಕೆಂದು ಅವಳ ಪಕ್ಕದಲ್ಲೇ ಕೂತಿದ್ದರು. ಏನೇನು ಹಾಡುತ್ತೀನಿ ಎಂದು ಪಕ್ಕವಾದ್ಯದವರಿಗೆ ಮೊದಲೇ ಹೇಳುವ ಅಭ್ಯಾಸ ನಿನಗಿರಲಿಲ್ಲ. ಹೇಳಿದರೆ ಬೆರಳು ಬರುತ್ತದೆ, ಕಿವಿ ಬರುವುದಿಲ್ಲ ಅನ್ನುತ್ತಿದ್ದೆ. ಅವತ್ತು ನೀನು ಎಂದೂ ಇಲ್ಲದ್ದು ಮಾಂಜಿ ಎತ್ತಿಕೊಂಡೆ.

ನಡುಕೋಣೆಯಲ್ಲಿ ನಮ್ಮಿಬ್ಬರದೇ ಆಗಿದ್ದ ರಾಗ ಮೈಕಿನಲ್ಲಿ ಹೋಗಿ, ಪಾನಕ ಹಂಚುವವರನ್ನೂ ದಾಟಿ, ರಸ್ತೆಗೆ ಬೀಳುತ್ತಿತ್ತು. ಶಾಲು ಹೊದ್ದ ಒಬ್ಬರು ಹೆಂಡತಿಯ ಕಡೆ ಬಾಗಿ "ಭೈರವಿ" ಅಂದರು. ನನಗೆ ನಗು ಬಂತು. ನೀನು ಒಂದು ಸುತ್ತು ಮುಗಿಸಿ ಪಿಟೀಲಿಗೆ ಬಿಟ್ಟುಕೊಟ್ಟೆ. ವಾಸಣ್ಣ ಕಣ್ಣು ಮುಚ್ಚಿ ಬಿಲ್ಲು ಎಳೆದರು. ಎರಡನೆಯ ಎಳೆತಕ್ಕೆ ಅವರ ಬೆರಳು ಭೈರವಿಯ ಎತ್ತರದ 'ದ' ಮುಟ್ಟಿತು. ಒಮ್ಮೆ ಅಲ್ಲ, ಖುಷಿಯಾಗಿ, ಸಲೀಸಾಗಿ, ಮತ್ತೆ ಮತ್ತೆ ಮುಟ್ಟಿತು. ನೀನು ಈಗ ಏನು ಮಾಡುತ್ತೀಯ ಎಂದು ನಿನ್ನ ಬೆನ್ನನ್ನೇ ನೋಡುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಪಿಟೀಲಿನ ಕಡೆ ತಿರುಗಿ ಹುಬ್ಬು ಗಂಟಿಕ್ಕುತ್ತಿದ್ದರು. ಇಲ್ಲವೇ ಆ ಸ್ವರವನ್ನು ಒತ್ತಿ ಹಾಡಿ, ತಿದ್ದಿ, ಅವರ ಮಾನವನ್ನು ಸಭೆಯಲ್ಲೇ ಕಳೆಯುತ್ತಿದ್ದರು. ಅಂಥವರನ್ನು ನಾವಿಬ್ಬರೂ ಬೇಕಾದಷ್ಟು ನೋಡಿದ್ದೇವೆ. ನೀನು ಗಟ್ಟಿಯಾಗಿ "ಶಭಾಷ್" ಅಂದೆ. ಮತ್ತೆ ನಿನ್ನ ಸರದಿ ಬಂದಾಗ ಬಾಯಿ ತೆರೆದು ಭೈರವಿ ಹಾಡಿದೆ.

ಅಷ್ಟೇ. ಮಾಂಜಿ ಅಲ್ಲಿಗೆ ಮುಗಿಯಿತು. ನೀನು ಅರ್ಧ ತಾಸು ಭೈರವಿಯನ್ನೇ ಹಾಡಿದೆ, ಭೈರವಿಯ ಕೃತಿಯನ್ನೇ ತೆಗೆದುಕೊಂಡೆ, ಸಭೆ ತಲೆದೂಗಿತು. ಗಂಡಿನ ತಂದೆ ಕೊನೆಯಲ್ಲಿ ವೇದಿಕೆಯ ಹತ್ತಿರ ಬಂದು ವಾಸಣ್ಣನ ಕೈ ಹಿಡಿದುಕೊಂಡರು. ಮೊದಲ ಕೆಲವು ನಿಮಿಷ ಅಲ್ಲಿ ಇನ್ನೊಬ್ಬಳು ಬಂದು ಕೂತಿದ್ದಳು, ಎದ್ದು ಹೋದಳು ಎಂಬುದು ನಿನಗೂ ನನಗೂ ಬಿಟ್ಟು ಯಾರಿಗೂ ತಿಳಿಯಲಿಲ್ಲ. ಹಾಗೆಂದುಕೊಂಡಿದ್ದೆ. ವಾಪಸು ಬರುವಾಗ ಆಟೋದಲ್ಲಿ ತಂಬೂರಿಯನ್ನು ಮಡಿಲಿಗೆ ಅಡ್ಡ ಹಾಕಿಕೊಂಡು ನಾನು ಜಗಳಕ್ಕೇ ಬಿದ್ದೆ. "ಅಷ್ಟು ಕಷ್ಟಪಟ್ಟು ಹೇಳ್ಕೊಟ್ಟಿದ್ದನ್ನ ಹಾಗೆ ಬಿಟ್ಟುಬಿಡೋದಾ ಅತ್ತೆ?" ನೀನು ಹೊರಗೆ ನೋಡುತ್ತಾ, "ಬೀಗರು ಎದುರಿಗೆ ಕೂತಿದ್ರಲ್ಲೇ. ಏನ್ ಮಾಡ್ಲಿ? ರಾಗ ನಾಳೆ ಹಾಡ್ಕೋಬೋದು" ಅಂದೆ. ಸ್ವಲ್ಪ ದೂರ ಹೋದ ಮೇಲೆ, "ವಾಸುಗೆ ಯಾವತ್ತೂ ಹೇಳ್ಬೇಡ" ಅಂದೆ. ನಾನು ಹೂಂ ಅಂದೆ.

ಆದರೆ ಆ ನಾಳೆ ಬರಲಿಲ್ಲವಲ್ಲ ಅತ್ತೆ. ಅದಾದ ಮೇಲೆ ನೀನು ಎಷ್ಟು ಕಛೇರಿ ಮಾಡಿದೆ, ಎಷ್ಟು ಕಡೆ ವಾಸಣ್ಣನೇ ಪಿಟೀಲಿಗಿದ್ದರು. ಒಂದು ಕಡೆಯೂ ನೀನು ಮಾಂಜಿ ಎತ್ತಲಿಲ್ಲ. ಎತ್ತಿದರೆ ಅವರಿಗೆ ಹಿಂದಿನದು ಗೊತ್ತಾಗಿಬಿಡುತ್ತದೆ ಎಂದು ಹೆದರಿದೆಯೋ, ಅಥವಾ ಬೇಸರವಾಗಿತ್ತೋ? ಮನೆಯಲ್ಲಿ ಮಾತ್ರ ಹಾಡುತ್ತಿದ್ದೆ, ನನಗೆ ಹೇಳಿಕೊಡುತ್ತಿದ್ದೆ. ಎಷ್ಟು ಸಲ ಕೇಳಿದರೂ ನೀನು ಮಾತು ಹಾರಿಸಿ ಈರುಳ್ಳಿ ಬೆಲೆಗೆ ಹೋಗಿಬಿಡುತ್ತಿದ್ದೆ.

ಬಸವೇಶ್ವರನಗರದ ಆ ನರ್ಸಿಂಗ್ ಹೋಮಿನ ಕೊನೆಯ ಮಧ್ಯಾಹ್ನ ನನ್ನನ್ನು ಈಗಲೂ ಬಿಟ್ಟಿಲ್ಲ. ನಿನ್ನ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು, ಮಾತು ನಿಂತು ಎರಡು ದಿನವಾಗಿತ್ತು. ಪಕ್ಕದ ಹಾಸಿಗೆಯವರ ಕಡೆಯವರು ಊಟಕ್ಕೆ ಹೋಗಿದ್ದರು. ನಾನು ನಿನ್ನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಮಾಂಜಿ ಹಾಡಿದೆ. 'ಗ' ತೂಗುವ ಆ ಜಾಗ ಬಂದಾಗ ನಿನ್ನ ಬಲಗೈಯ ತೋರುಬೆರಳು ಮೇಲೆದ್ದಿತು. ಎದ್ದು, ಸ್ವಲ್ಪ ಹೊತ್ತು ಹಾಗೇ ಇದ್ದು, ಮತ್ತೆ ಹೊದಿಕೆಯ ಮೇಲೆ ಬಿತ್ತು. ಅದು ಬೇಡ ಎಂದೋ? ಅಲ್ಲಲ್ಲ, ಹಾಗಲ್ಲ ಎಂದೋ? ಸರಿಯಾಗಿದೆ ಎಂದೋ? ತಾಳವೋ? ಬರೀ ನರ ಸೆಳೆದದ್ದೋ? ನಾನು ಮತ್ತೆ ಮೊದಲಿಂದ ಹಾಡಿದೆ. ಬೆರಳು ಏಳಲಿಲ್ಲ. ಸಂಜೆಗೆ ನೀನು...

ಆವತ್ತಿಂದ ಆ ಜಾಗಕ್ಕೆ ಬಂದಾಗಲೆಲ್ಲ ನನ್ನ ಗಂಟಲು ಅನುಮಾನಿಸುತ್ತದೆ. ಪಾತ್ರೆ ತೊಳೆಯುವಾಗ, ಮೆಟ್ರೋದಲ್ಲಿ ನಿಂತಿರುವಾಗ, ಮಕ್ಕಳು ಸರಳೆ ಹೇಳುವಾಗ, ಕಣ್ಣೆದುರಿಗೆ ಆ ಬೆರಳು ಎದ್ದು ನಿಲ್ಲುತ್ತದೆ. ಹೀಗಲ್ಲವೇನೋ ಎಂದು ಸ್ವಲ್ಪ ಎತ್ತರಿಸಿದರೆ ಭೈರವಿ. ತಗ್ಗಿಸಿದರೆ ಯಾವುದೂ ಅಲ್ಲ. ಫೋನಿನಲ್ಲಿ ಹುಡುಕಿ ಬೇರೆಯವರ ಮಾಂಜಿ ಕೇಳಿದೆ. ಚೆನ್ನಾಗಿಯೇ ಹಾಡಿದ್ದಾರೆ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಒಬ್ಬೊಬ್ಬರದು ಒಂದೊಂದು ಥರ, ನಿನ್ನ ಥರದ್ದು ಯಾರದೂ ಅಲ್ಲ. ನಿನ್ನ ಹಳೆಯ ಶಿಷ್ಯೆಯರಿಗೆ ಫೋನ್ ಮಾಡಿದೆ. ನಂದಿನಿ ಲೇಔಟಿನಲ್ಲಿರುವ ನಿನ್ನ ಮುದ್ದಿನ ಶಿಷ್ಯೆ, "ಮಿಸ್ ನಮಗೆ ಅದನ್ನ ಹೇಳ್ಕೊಡ್ಲೇ ಇಲ್ವಲ್ಲಾ ಶಾಲಿನಿ, ನಿಮಗೆ ಮಾತ್ರ ಹೇಳ್ಕೊಟ್ರಾ?" ಎಂದು ಮುನಿಸಿಕೊಂಡಳು. ಹೊಸ ಮುನಿಸೊಂದು ಸಂಪಾದನೆಯಾಯಿತೇ ಹೊರತು ರಾಗ ಸಿಗಲಿಲ್ಲ.

ಉಳಿದವರು ವಾಸಣ್ಣ ಒಬ್ಬರೇ, ಆ ಸಂಜೆ ಒಂದು ಸುತ್ತಾದರೂ ಅದನ್ನು ಪಕ್ಕದಲ್ಲೇ ಕೂತು ಕೇಳಿದವರು. ಆದರೆ ಅವರನ್ನು ಕೇಳಬೇಕಾದರೆ ಆಟೋದಲ್ಲಿ ನಿನಗೆ ಕೊಟ್ಟ ಮಾತು ಮುರಿಯಬೇಕು. ತಿಥಿಯ ಮಾರನೆಯ ಭಾನುವಾರ ಬೆಳಿಗ್ಗೆ ಕೆಂಗೇರಿಯ ಕಡೆಯ ಮೆಟ್ರೋ ಹತ್ತಿದೆ. ದೀಪಾಂಜಲಿ ನಗರ ಬರುವವರೆಗೂ ಇಳಿದುಬಿಡಲೇ ಎಂದು ಯೋಚಿಸುತ್ತಿದ್ದೆ. ಯಾವ ಮುಖ ಇಟ್ಟುಕೊಂಡು ಆ ವಯಸ್ಸಾದ ಮನುಷ್ಯನಿಗೆ, ನೀವು ಆವತ್ತು ತಪ್ಪು ನುಡಿಸಿದಿರಿ, ನಮ್ಮತ್ತೆ ಮುಚ್ಚಿಟ್ಟಳು ಎಂದು ಹೇಳಲಿ? ನಿನ್ನ ಕೊನೆಯ ದಿನ ಅವರು ಚಿತಾಗಾರಕ್ಕೆ ಬಂದಿದ್ದರು ಅತ್ತೆ. ಹಿಂದೆ ನಿಂತಿದ್ದು, ಯಾರನ್ನೂ ಮಾತಾಡಿಸದೆ ಹೋಗಿಬಿಟ್ಟರು.

ಕೆಂಗೇರಿ ಉಪನಗರದಲ್ಲಿ ಸುಮಳ ಮನೆ. ಬಾಗಿಲು ತೆಗೆದವಳೂ ಅವಳೇ; ಈಗ ಕೂದಲು ನರೆತಿದೆ, ಅಪ್ಪನದೇ ಮೂಗು. ವಾಸಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. "ಬಾಮ್ಮಾ ಶಾಲಿನಿ, ಕೂತ್ಕೋ. ಸುಮಾ, ತಿಂಡಿ ಇದ್ರೆ ತಾ" ಅಂದರು. ಉಪ್ಪಿಟ್ಟು ತಿಂದೆ. ಅವರ ಮೊಮ್ಮಗಳ ಓದು, ನನ್ನ ಪಾಠದ ಮಕ್ಕಳು, ಮೈಸೂರು ರಸ್ತೆಯ ಟ್ರಾಫಿಕ್, ಎಲ್ಲ ಮಾತಾಯಿತು. ಕೊನೆಗೆ ತಟ್ಟೆ ಕೆಳಗಿಟ್ಟು, "ಅಂಕಲ್, ಒಂದು ವಿಷ್ಯ ಕೇಳ್ಬೇಕು. ತಪ್ಪು ತಿಳ್ಕೋಬಾರ್ದು" ಅಂದೆ.

"ಮಾಂಜಿ ತಾನೇ?" ಅಂದರು.

ಅವರು ಪೇಪರ್ ಮಡಿಸುತ್ತಾ, "ಇಷ್ಟು ವರ್ಷ ಆದ್ಮೇಲೆ ನನ್ನ ಹತ್ರ ನೀನು ಇನ್ನೇನು ಕೇಳೋಕ್ಕೆ ಬರ್ತೀಯಮ್ಮ" ಅಂದರು.

"ಅವತ್ತು ನಿಮಗೆ ಗೊತ್ತಾಗಿತ್ತಾ ಅಂಕಲ್?"

"ಅವರು ಶಭಾಷ್ ಅಂದ ತಕ್ಷಣ ಗೊತ್ತಾಯ್ತು. ಚೆನ್ನಾಗಿ ನುಡಿಸಿದಾಗ ನಿಮ್ಮತ್ತೆ ಯಾವತ್ತಾದ್ರೂ ಶಭಾಷ್ ಅಂದಿದ್ದು ಕೇಳಿದೀಯಾ? ಸುಮ್ನೆ ತಾಳ ಹಾಕ್ತಾ ಇರೋರು. ಯಾರಾದ್ರೂ ಎಡವಿದ್ರೆ ಮಾತ್ರ ಶಭಾಷ್. ತಿದ್ಕೊಳ್ಳೋಣ ಅನ್ಕೊಂಡೆ. ಆದ್ರೆ ಅಷ್ಟರಲ್ಲಿ ಅವರು ಭೈರವಿಗೆ ಬಂದುಬಿಟ್ಟಿದ್ರು. ನಾನು ಏನ್ ಮಾಡ್ಲಿ, ಅವರ ಹಿಂದೇನೇ ಹೋದೆ."

ನಾನು ನಕ್ಕೆ. ನಗುತ್ತಾ ಇದ್ದವಳಿಗೆ ಅಳು ಬಂದುಬಿಟ್ಟಿತು. ಅವರಿಗೆ ಗೊತ್ತಿತ್ತು, ಅತ್ತೆ. ನೀನು ಮುಚ್ಚಿಟ್ಟೆ ಎಂಬುದೂ ಗೊತ್ತಿತ್ತು. ಗೊತ್ತಿದೆ ಎಂದು ಹೇಳಿದರೆ ನೀನು ಮುಚ್ಚಿಟ್ಟದ್ದಕ್ಕೆ ಬೆಲೆ ಇಲ್ಲದ ಹಾಗಾಗುತ್ತದೆ ಎಂದು ಅವರು ಸುಮ್ಮನಿದ್ದರು. ಮತ್ತೆ ಹಾಡಿದರೆ ಅವರಿಗೆ ಗೊತ್ತಾಗುತ್ತದೆ ಎಂದು ನೀನು ಸುಮ್ಮನಿದ್ದೆ. ಎಷ್ಟೋ ವರ್ಷ ಒಂದೇ ಜಮಖಾನದ ಮೇಲೆ ಮೊಣಕೈ ತಗಲುವಷ್ಟು ಹತ್ತಿರ ಕೂತು, ಇಬ್ಬರೂ ಒಬ್ಬರ ಮರ್ಯಾದೆ ಒಬ್ಬರು ಕಾಯುತ್ತಾ, ನಡುವೆ ಆ ಪಾಪದ ರಾಗವನ್ನು ಬಾಯಿ ಮುಚ್ಚಿ ಕೂರಿಸಿಬಿಟ್ಟಿರಿ. ನಿಮ್ಮಿಬ್ಬರ ಮೇಲೂ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟು ಒಳ್ಳೆಯವರಾಗಿರಬೇಕು ಎಂದು ನಿಮಗೆ ಯಾರು ಹೇಳಿದ್ದರು?

ವಾಸಣ್ಣ ಎದ್ದು ಪೆಟ್ಟಿಗೆ ತೆಗೆದು ಪಿಟೀಲನ್ನು ಶ್ರುತಿ ಮಾಡತೊಡಗಿದರು. "ಮತ್ತೆ ಯಾವತ್ತಾದ್ರೂ ಹಾಡಿದ್ರೆ ಕೈ ಎಡವಬಾರ್ದು ಅಂತ ಕಲ್ತೆ. ದಿನಾ ಬೆಳಿಗ್ಗೆ ನುಡಿಸ್ತೀನಿ" ಅಂದರು. ಅಡುಗೆಮನೆಯಿಂದ ಸುಮ, "ಅದೊಂದೇ ನುಡಿಸ್ತಾರೆ ಶಾಲಿನಿ. ಮಕ್ಕಳೆಲ್ಲ ಅದಕ್ಕೆ ತಾತನ ಅಲಾರಂ ಅಂತಾರೆ" ಎಂದಳು.

"ಯಾರ ಹತ್ರ ಕಲಿತ್ರಿ ಅಂಕಲ್?"

ಅವರು ಬಿರಡೆ ತಿರುಗಿಸುತ್ತಾ ನನ್ನ ಮುಖ ನೋಡದೆ ಹೇಳಿದರು. "ಆ ರಾಮನವಮಿ ಆದ್ಮೇಲೆ, ನಿನ್ನ ಪಾಠ ನಡೀವಾಗ ಕೆಳಗೆ ಮೆಟ್ಲ ಮೇಲೆ ಕೂತಿರ್ತಿದ್ದೆ. ರಿಹರ್ಸಲ್‌ಗೆ ಅಂತ ಬೇಗ ಬರ್ತಿದ್ದೆ. ನೀನು ಸರ್‍ಯಾಗಿ ಹಾಡಿದ್ರೆ ಅವರು ಮುಂದಕ್ಕೆ ಹೋಗ್ಬಿಡೋರು, ನನಗೆ ಸಿಗ್ತಿರ್ಲಿಲ್ಲ. ನೀನು ತಪ್ಪಿದ್ರೆ ಮತ್ತೆ ಹಾಡೋರು. ನೀನು ತುಂಬಾ ತಪ್ತಿದ್ದೆ ಕಣಮ್ಮ. ಅದ್ರಿಂದ ನನಗೆ ಬಂತು." ಪಾಠ ಮುಗಿಸಿ ಇಳಿಯುವಾಗ ಎಷ್ಟು ಸಲ ಅವರು ಕೆಳಗಿನ ಮೆಟ್ಟಿಲಿನಿಂದ ಎದ್ದು, ಆಗ ತಾನೇ ಬಂದವರ ಹಾಗೆ, "ಮುಗೀತೇನಮ್ಮ?" ಅಂದಿದ್ದಾರೆ. ನಾನು ಒಂದು ದಿನವೂ ಯಾಕೆ ಅನುಮಾನಪಡಲಿಲ್ಲವೋ. ನೀನು ಪಟ್ಟಿದ್ದೆಯಾ? ಕೆಳಗೆ ಯಾರೋ ಕೂತಿದ್ದಾರೆ ಎಂದು ಗೊತ್ತಿದ್ದೇ ಅಷ್ಟು ಗಟ್ಟಿಯಾಗಿ ಹಾಡುತ್ತಿದ್ದೆಯಾ? ಹೋಗಲಿ, ನಾನು ಕೇಳುವುದಿಲ್ಲ. ನಿಮ್ಮಿಬ್ಬರದು ನಿಮ್ಮಿಬ್ಬರಿಗೆ.

ನಾನು ಹಾಡಿದೆ, ಅವರು ಜೊತೆಗೆ ನುಡಿಸಿದರು. ಮೊದಲ ಎರಡು ಸಾಲು ಇಬ್ಬರೂ ಕೈ ಹಿಡಿದು ನಡೆದ ಹಾಗಿತ್ತು. ಆ 'ಗ' ಬಂದಾಗ ನನಗೆ ಎಂದಿನ ಹೆದರಿಕೆ ಹುಟ್ಟಿ, ದನಿ ಸ್ವಲ್ಪ ಎತ್ತರಿಸಿದೆ. ಭೈರವಿಯ ಕಡೆ ಜಾರಿದ್ದು ನನಗೇ ಗೊತ್ತಾಯಿತು. ಪಕ್ಕವಾದ್ಯದವರ ಧರ್ಮವೆಂದರೆ ಹಾಡುವವರ ಹಿಂದೆ ಬರುವುದಲ್ಲವೇ? ವಾಸಣ್ಣ ಬರಲಿಲ್ಲ. ಶಭಾಷ್ ಅನ್ನಲೂ ಇಲ್ಲ. ಬಿಲ್ಲನ್ನು ತೂಗುತ್ತಾ ಆ ತಗ್ಗಿನ ಗಾಂಧಾರದ ಮೇಲೇ ನಿಂತುಬಿಟ್ಟರು. ನಾನು ಒಬ್ಬಳೇ ಸ್ವಲ್ಪ ದೂರ ಹೋಗಿ, ನಾಚಿಕೊಂಡು, ಹಿಂದಕ್ಕೆ ಬಂದೆ. ಅವರು ಅಲ್ಲೇ ಇದ್ದರು. ಆಮೇಲೆ ಇಬ್ಬರೂ ಕೂಡಿ ಮುಂದಕ್ಕೆ ಹೋದೆವು. ಅವರ ಎಡಗೈಯ ಕಿರುಬೆರಳು ಈಗ ಪೂರ್ತಿ ಬಾಗುವುದಿಲ್ಲ. ಆದರೂ ಆ ಸ್ವರ ಜಗ್ಗಲಿಲ್ಲ.

ಆಸ್ಪತ್ರೆಯಲ್ಲಿ ಎದ್ದ ನಿನ್ನ ಬೆರಳಿನ ವಿಷಯವನ್ನೂ ಅವರಿಗೆ ಹೇಳಿದೆ. ಏನರ್ಥ ಅಂಕಲ್ ಎಂದು ಕೇಳಿದೆ. "ಗೊತ್ತಿಲ್ಲಮ್ಮ. ಅವರು ಎಲ್ಲದಕ್ಕೂ ಬೆರಳೆತ್ತೋರು. ಕಾಫಿಗೆ ಸಕ್ರೆ ಸಾಕು ಅನ್ನೋದಕ್ಕೂ ಅದೇ ಬೆರಳು" ಅಂದರು. ಒಂದು ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ, ಅದಕ್ಕೇ ಅವರನ್ನು ನಂಬುತ್ತೇನೆ.

ಹೊರಡಲೆಂದು ನಾನು ಎದ್ದಾಗಲೂ ಅವರು ಬಿಲ್ಲು ಇಳಿಸಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ, ಒಳಗೆ ಪಿಟೀಲು ಮುಂದುವರಿಯಿತು. ನಾನು ಕೇಳಿಯೇ ಇಲ್ಲದ್ದು. ಮಾಂಜಿಯೇ, ಅನುಮಾನವಿಲ್ಲ, ಆದರೆ ನೀನು ನನಗೆ ಕಲಿಸಿದ್ದಕ್ಕಿಂತ ಕೆಳಗೆ, ಮಂದ್ರದಲ್ಲಿ, ಎಲ್ಲಿಗೂ ಹೋಗುವ ಆತುರವಿಲ್ಲದೆ ಒಂದೇ ಕಡೆ ಸುತ್ತುತ್ತಿತ್ತು. ನಿನ್ನ ದಪ್ಪ ದನಿಗೆ ಹೇಳಿ ಮಾಡಿಸಿದ ಜಾಗ ಅದು. ನನಗೆ ಮೈ ಝುಂ ಎಂದಿತು, ಬಾಗಿಲು ಹಿಡಿದುಕೊಂಡೆ. ನಮ್ಮನೆಯವರು ಹಾಲಿನ ಪ್ಯಾಕೆಟ್ ಹಿಡಿದು ಯಾಕೆ ಹಾಗೆ ನಿಂತಿದ್ದರೆಂದು ಆಗ ತಿಳಿಯಿತು. "ಅಂಕಲ್, ಇದು ಯಾರದು?" ಎಂದೆ.

"ನಿಮ್ಮತ್ತೇದೇ" ಅಂದರು. "ನೀನು ಪಾಠ ಮುಗಿಸ್ಕೊಂಡು ಹೋದ್ಮೇಲೆ ಅವರೊಬ್ರೇ ಇದನ್ನ ಹಾಡ್ಕೊಳ್ಳೋರು. ಅದು ಮುಗಿಯೋವರೆಗೂ ನಾನು ಮೇಲಕ್ಕೆ ಹೋಗ್ತಿರ್ಲಿಲ್ಲ."

"ನನಗೆ ಯಾಕೆ ಹೇಳ್ಕೊಡ್ಲಿಲ್ಲ?"

"ಅವರು ಅದನ್ನ ಪಾಠ ಅಂತ ಹಾಡ್ತಾ ಇರ್ಲಿಲ್ಲಮ್ಮ" ಅಂದರು.

ನಿನಗೆ ಗೊತ್ತಿಲ್ಲದ ಸುದ್ದಿ ಇದು ಅತ್ತೆ. ಇದನ್ನು ಹೇಳಲೆಂದೇ ಬರೆಯಲು ಕೂತೆ. ನೀನು ಯಾರಿಗೂ ಹಾಡದೆ ಇದ್ದದ್ದು ಕೆಂಗೇರಿಯಲ್ಲಿ ದಿನಾ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುತ್ತಿದೆ. ನನ್ನ ಗಂಟಲಿನಲ್ಲಿ ಉಳಿದಿರುವುದರಲ್ಲಿ ಎಷ್ಟು ನಿನ್ನದು, ಎಷ್ಟು ನನ್ನ ಭಯದ್ದು ಎಂದು ವಾಸಣ್ಣನಿಗೂ ಪೂರ್ತಿ ಗೊತ್ತಿಲ್ಲ. ಒಂದು ಕಡೆ ಅವರದೇ ಒಂದು ದಾರಿ, ನನ್ನದೇ ಒಂದು ದಾರಿ. ಎರಡನ್ನೂ ಇಟ್ಟುಕೊಂಡಿದ್ದೇವೆ, ನೀನಿಲ್ಲದೆ ತೀರ್ಪು ಕೊಡುವವರು ಯಾರು? ನನ್ನ ಭೈರವಿಯೊಳಗೆ ನೀನು ಈಗಲೂ ಬರುತ್ತೀಯ. ಬಾ, ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ. ಆದರೆ ಮಂದ್ರದ ಆ ಭಾಗವನ್ನು ನಾನು ಬಿಡುವುದಿಲ್ಲ. ನೀನು ಕೊಡಲಿಲ್ಲ, ನಾನು ತೆಗೆದುಕೊಳ್ಳುತ್ತಿದ್ದೇನೆ, ಬೇಕಾದರೆ ಸಿಟ್ಟಾಗು. ಭಾನುವಾರ ಭಾನುವಾರ ಕೆಂಗೇರಿಗೆ ಹೋಗಿ ಕೂರುತ್ತೇನೆ. ಬರೆದುಕೊಳ್ಳುವುದಿಲ್ಲ. ನಾನು ತಪ್ಪಿದಾಗಲೆಲ್ಲ ಅವರು ಮತ್ತೆ ನುಡಿಸುತ್ತಾರೆ, ಬೆರಳು ನೋಯುತ್ತಿದ್ದರೂ ನುಡಿಸುತ್ತಾರೆ. ನಿನ್ನೆ ಅದರ ಮೊದಲ ಸಾಲು ಬಂತು. ಹಾಡಿ ಮುಗಿಸಿ ಅವರ ಕಡೆ ನೋಡಿದೆ. ಅವರು ಶಭಾಷ್ ಅನ್ನಲಿಲ್ಲ, ಸುಮ್ಮನೆ ತಾಳ ಹಾಕುತ್ತಿದ್ದರು.

ನಿನ್ನ ತಮ್ಮನ ಮಗಳು
ಶಾಲಿ